ಮೊದಲ ಗಂಟೆಯಲ್ಲಿ ಹುಲಿಯಾಗಬೇಕೆ?

ನಮ್ಮ ಕಾಲೇಜುಗಳ ಅಧ್ಯಾಪಕರ ಕೊಠಡಿಗಳಲ್ಲಿ ಪರಂಪರೆಯಿಂದ ನಡೆದುಬಂದಿರುವ ಅಲಿಖಿತ ಶಾಸ್ತ್ರವೊಂದುಂಟು. ಹೊಸದಾಗಿ ಕೆಲಸಕ್ಕೆ ಸೇರಿದ ತರುಣ ಉಪನ್ಯಾಸಕನನ್ನು ಹಿರಿಯರೊಬ್ಬರು ಪಕ್ಕಕ್ಕೆ ಕರೆದು, ಭುಜದ ಮೇಲೆ ಕೈಯಿಟ್ಟು ಉಪದೇಶಿಸುವ ಶಾಸ್ತ್ರವದು: "ಮೊದಲ ದಿನ ಹುಲಿಯಾಗಿ ಒಳಗೆ ಹೋಗಪ್ಪಾ. ಒಮ್ಮೆ ಹೆದರಿದರೆಂದರೆ ವರ್ಷವಿಡೀ ಬಾಲ ಮುದುರಿಕೊಂಡು ಕೂಡುತ್ತಾರೆ. ಮೊದಲ ದಿನವೇ ನಕ್ಕೆಯೋ, ಕೆಟ್ಟೆ!" ಉಪದೇಶಿಸುವವರ ಸದುದ್ದೇಶವನ್ನು ನಾನು ಶಂಕಿಸುವುದಿಲ್ಲ. ಆದರೆ ಈ ಶಾಸ್ತ್ರವು ನಮ್ಮ ಉಚ್ಚ ಶಿಕ್ಷಣಕ್ಕೆ ಮಾಡಿರುವ ಹಾನಿಯು ಪಠ್ಯಕ್ರಮದ ದೋಷಗಳಿಗಿಂತಲೂ, ಪರೀಕ್ಷಾಪದ್ಧತಿಯ ದೋಷಗಳಿಗಿಂತಲೂ ಕಡಿಮೆಯದಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಗಟ್ಟಿಯಾದ ಆರಂಭ ಬೇಕು, ನಿಜ. ಗಟ್ಟಿತನವೆಂದರೆ ಗಡಸುತನವೆಂದು ತಿಳಿದುಕೊಂಡಿರುವಲ್ಲಿಯೇ ನಾವು ಎಡವಿದ್ದೇವೆ.

ಪದವಿ ತರಗತಿಯ ಪ್ರಥಮ ವರ್ಷದ ಮೊದಲ ದಿನ ಬಹುಪಾಲು ಕಾಲೇಜುಗಳಲ್ಲಿ ನಡೆಯುವುದೇನು? ಗಂಟೆ ಬಾರಿಸಿ ಹತ್ತು ನಿಮಿಷಕ್ಕೆ ಉಪನ್ಯಾಸಕರು ಬರುತ್ತಾರೆ. ಹಾಜರಿ ಪುಸ್ತಕವಿನ್ನೂ ಸಿದ್ಧವಾಗಿರುವುದಿಲ್ಲ. ತಮ್ಮ ಹೆಸರು, ಪದವಿಗಳು, ಅನುಭವದ ವರ್ಷಗಳು ಇವನ್ನು ನಿರೂಪಿಸುತ್ತಾರೆ. ಅನಂತರ ನಿಷೇಧಗಳ ಪಟ್ಟಿ: ತಡವಾಗಿ ಬಂದರೆ ಒಳಗೆ ಬಿಡುವುದಿಲ್ಲ, ಮೊಬೈಲು ಕಂಡರೆ ಕಿತ್ತಿಟ್ಟುಕೊಳ್ಳುತ್ತೇನೆ, ನೂರಕ್ಕೆ ಎಪ್ಪತ್ತೈದು ಹಾಜರಿಯಿಲ್ಲದಿದ್ದರೆ ಪರೀಕ್ಷೆಗೆ ಕೂಡಿಸುವುದಿಲ್ಲ, ಆಂತರಿಕ ಅಂಕಗಳು ನನ್ನ ಕೈಯಲ್ಲಿವೆ, ನೆನಪಿರಲಿ. ಅದಾದ ಮೇಲೆ ಕ್ರೆಡಿಟ್ಟುಗಳ ಲೆಕ್ಕ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ನಾಲ್ಕು ವರ್ಷಗಳ ಪದವಿ ಬಂದಾಗ ಒಂದು ಲೆಕ್ಕ. 2024ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರವು ಅದನ್ನು ಕೈಬಿಟ್ಟು ಮೂರು ವರ್ಷಗಳಿಗೆ ಮರಳಿದಾಗ ಇನ್ನೊಂದು ಲೆಕ್ಕ. ಹೇಳುವವರಿಗೇ ಅರ್ಥವಾಗದ ಆ ಲೆಕ್ಕ ಕೇಳುವವರಿಗೆ ಹೇಗೆ ಅರ್ಥವಾದೀತು? ಕೊನೆಗೆ, "ಪಾಠವನ್ನು ಸೋಮವಾರದಿಂದ ಪ್ರಾರಂಭಿಸೋಣ" ಎಂದು ಅರ್ಧ ಗಂಟೆ ಮುಂಚೆಯೇ ತರಗತಿಯನ್ನು ಬಿಡುತ್ತಾರೆ. ಅರ್ಥಶಾಸ್ತ್ರವನ್ನು ಕಲಿಯಲು ಬಂದವನು ಆ ದಿನ ಕಲಿತದ್ದೇನೆಂದರೆ, ಕಾಲೇಜೆಂಬುದು ಹಾಜರಿ ಮತ್ತು ಅಂಕಗಳ ಸಂಸ್ಥೆ, ಅಲ್ಲಿ ಪಾಠಕ್ಕೆ ಆತುರವಿಲ್ಲ. ಇದು ಕೂಡ ಒಂದು ಬೋಧನೆಯೇ. ಅಲ್ಲದೆ ಇಷ್ಟು ಪರಿಣಾಮಕಾರಿಯಾದ ಬೋಧನೆ ಆ ವರ್ಷದಲ್ಲಿ ಮತ್ತೊಂದು ನಡೆಯುವುದಿಲ್ಲ.

ಈ ಬೆದರಿಕೆಯನ್ನು ಕೇಳುತ್ತ ಕುಳಿತವರು ಯಾರೆಂಬುದನ್ನು ಕಣ್ಣೆತ್ತಿ ನೋಡಬೇಕು. ತಾಲೂಕು ಕೇಂದ್ರದ ಪ್ರಥಮ ದರ್ಜೆ ಕಾಲೇಜಿನಲ್ಲಿ ಮೊದಲ ಸಾಲಿನಲ್ಲಿರುವವರು ಆ ಊರಿನ ವ್ಯಾಪಾರಿಗಳ, ನೌಕರರ ಮಕ್ಕಳು. ಅವರು ಈ ಬೆದರಿಕೆಗೆ ಅಂಜುವುದಿಲ್ಲ. ಮನೆಯಲ್ಲಿ ಅಣ್ಣನೋ ಅಕ್ಕನೋ ಕಾಲೇಜು ಓದಿದ್ದಾರೆ. ಇದೆಲ್ಲವೂ ಮಳೆಯಿಲ್ಲದ ಗುಡುಗೆಂದು ಅವರಿಗೆ ಚೆನ್ನಾಗಿ ಗೊತ್ತು. ಅಂಜುವವರು ಹಿಂದಿನ ಸಾಲಿನವರು. ಹತ್ತು ಹದಿನೈದು ಮೈಲಿ ದೂರದ ಹಳ್ಳಿಯಿಂದ ಬಸ್ಸು ಹತ್ತಿ ಬಂದವರು, ಯಾವುದೋ ಮಠದ ಪ್ರಸಾದನಿಲಯದಲ್ಲೋ ಸರ್ಕಾರಿ ವಸತಿನಿಲಯದಲ್ಲೋ ಇದ್ದುಕೊಂಡು ಓದುವವರು, ತಮ್ಮ ಮನೆತನದಲ್ಲಿಯೇ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವರು. ಹುಲಿಯ ವೇಷಕ್ಕೆ ಹೆದರುವುದು ಇಂಥ ಮಕ್ಕಳೇ. ಶಿಸ್ತಿಗೆ ಒಳಪಡಿಸಬೇಕಾದ ಉಡಾಳರು ನಗುತ್ತಾರೆ. ಧೈರ್ಯ ತುಂಬಬೇಕಾದ ಬಡಮಕ್ಕಳು ನಡುಗುತ್ತಾರೆ. ಗುರಿ ತಪ್ಪಿದ ಬಾಣವೆಂದರೆ ಇದಲ್ಲದೆ ಮತ್ತಾವುದು?

ಹಾಗೆ ನಡುಗಿದ ಹುಡುಗ ಪ್ರಾಚಾರ್ಯರಿಗೆ ಅರ್ಜಿ ಬರೆದು ಕಾಲೇಜು ಬಿಡುವುದಿಲ್ಲ. ಒಂದು ದಿನ ಬರುವುದಿಲ್ಲ. ಮರುದಿನ ಬಂದಾಗ, "ನಿನ್ನೆ ಎಲ್ಲಿ ಹೋಗಿದ್ದೆ?" ಎಂಬ ಪ್ರಶ್ನೆಯನ್ನು ಎಲ್ಲರ ಮುಂದೆ ಎದುರಿಸಬೇಕಾಗುತ್ತದೆ, ಆದ್ದರಿಂದ ಮೂರನೆಯ ದಿನವೂ ಬರುವುದಿಲ್ಲ. ಹುಡುಗನಾದರೆ ಬೆಂಗಳೂರಿನ ಬಸ್ಸು ಹತ್ತುತ್ತಾನೆ, ಹುಡುಗಿಯಾದರೆ ಮನೆಯವರು ವರನನ್ನು ನೋಡಲು ಪ್ರಾರಂಭಿಸುತ್ತಾರೆ. ನವೆಂಬರ್ ಹೊತ್ತಿಗೆ ಹಾಜರಿ ಪುಸ್ತಕದಲ್ಲಿ ಆ ಹೆಸರಿನ ಮುಂದೆ ಕೆಂಪು ಗೆರೆ ಬೀಳುತ್ತದೆ. ಆಗ ನಾವು, "ಆಸಕ್ತಿ ಇರಲಿಲ್ಲ" ಎಂದು ಷರಾ ಬರೆದು ಕೈತೊಳೆದುಕೊಳ್ಳುತ್ತೇವೆ. ಅಮೆರಿಕದ ಸಮಾಜವಿಜ್ಞಾನಿ ವಿನ್ಸೆಂಟ್ ಟಿಂಟೊ ಅವರು 1975ರಿಂದಲೂ ಪ್ರತಿಪಾದಿಸುತ್ತ ಬಂದ ವಿಚಾರವೊಂದು ಇಲ್ಲಿ ಗಮನಾರ್ಹ. ಕಾಲೇಜು ಬಿಡುವ ವಿದ್ಯಾರ್ಥಿಯು ಬುದ್ಧಿ ಸಾಲದೆ ಬಿಡುತ್ತಾನೆಂದು ಭಾವಿಸಬಾರದು. ಆ ಸಂಸ್ಥೆಯ ಬೌದ್ಧಿಕ ಜೀವನದೊಂದಿಗೂ ಅಲ್ಲಿನ ಜನರೊಂದಿಗೂ ಅವನಿಗೆ ನಂಟು ಬೆಳೆಯದಿದ್ದುದೇ ಬಹುಮಟ್ಟಿಗೆ ಕಾರಣ ಎಂಬುದು ಅವರ ವಾದದ ತಿರುಳು. ಅವರದು ಬೇರೆ ದೇಶ, ಬೇರೆ ಸ್ಥಿತಿ ಎನ್ನಬಹುದು. ಆದರೆ ನಂಟಿಲ್ಲದ ಮನೆಯಲ್ಲಿ ಯಾರೂ ಬಹುದಿನ ನಿಲ್ಲರೆಂಬುದನ್ನು ನಮ್ಮ ಹಳ್ಳಿಯ ಅಜ್ಜಿಯೂ ಬಲ್ಲಳು.

ಇನ್ನು ಬೆದರಿಕೆಗೆ ಬದಲಾಗಿ ಸ್ವಾಗತವುಂಟಲ್ಲ ಎಂದು ಕೆಲವರು ಕೇಳುತ್ತಾರೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2019ರಲ್ಲಿ 'ದೀಕ್ಷಾರಂಭ' ಎಂಬ ಹೆಸರಿನಲ್ಲಿ ಹೊಸ ವಿದ್ಯಾರ್ಥಿಗಳ ಪ್ರವೇಶ ಕಾರ್ಯಕ್ರಮಕ್ಕೆ ಮಾರ್ಗದರ್ಶಿಯನ್ನು ಹೊರಡಿಸಿತು. ಅದರ ಆಶಯ ಒಳ್ಳೆಯದೇ. ಹೊಸಬರು ಸಂಸ್ಥೆಗೆ ಹೊಂದಿಕೊಳ್ಳಬೇಕು, ಅಧ್ಯಾಪಕರನ್ನೂ ಪರಸ್ಪರರನ್ನೂ ಅರಿಯಬೇಕು, ನೀತಿನಿಯಮಗಳನ್ನು ತಿಳಿಯಬೇಕು ಎಂಬುದು. ದೀಕ್ಷೆಯೆಂಬ ಮಾತಿನ ತೂಕವನ್ನು ಈ ಪತ್ರಿಕೆಯ ವಾಚಕರಿಗೆ ನಾನು ವಿವರಿಸಬೇಕಾಗಿಲ್ಲ. ಗುರುವಿನ ಹಸ್ತವು ಶಿಷ್ಯನ ಮಸ್ತಕದ ಮೇಲೆ ಬೀಳುವುದೆಂದರೆ ಇಬ್ಬರೂ ಒಬ್ಬರಿಗೊಬ್ಬರು ಹೊಣೆಯಾಗುವುದು ಎಂದರ್ಥ. ಆದರೆ ನಮ್ಮ ಎಷ್ಟೋ ಕಾಲೇಜುಗಳಲ್ಲಿ ಆ ಹೆಸರಿನಲ್ಲಿ ನಡೆಯುವುದು ಏನು? ಶಾಮಿಯಾನ, ಧ್ವನಿವರ್ಧಕ, ಮುಖ್ಯ ಅತಿಥಿಗಳು ಬರುವವರೆಗೆ ಎರಡು ಗಂಟೆಯ ನಿರೀಕ್ಷಣೆ, ದೀಪ ಬೆಳಗಿಸುವುದು, ಹಾರ ತುರಾಯಿ, ಶಾಲು. ಭಾಷಣಕಾರರು ವಿದ್ಯಾರ್ಥಿಗಳನ್ನು 'ನಾಳಿನ ನಾಗರಿಕರು' ಎಂದು ಕರೆಯುತ್ತಾರೆ. ವೇದಿಕೆಯ ಮೇಲಿನವರ ಹೆಸರುಗಳನ್ನು ವಿದ್ಯಾರ್ಥಿಗಳು ಹತ್ತು ಸಲ ಕೇಳುತ್ತಾರೆ. ವಿದ್ಯಾರ್ಥಿಗಳ ಹೆಸರನ್ನು ವೇದಿಕೆಯ ಮೇಲಿನವರು ಒಮ್ಮೆಯೂ ಕೇಳುವುದಿಲ್ಲ. ಹುಲಿಯ ವೇಷವನ್ನು ಕಳಚಿ ಆನೆಯ ಅಂಬಾರಿಯನ್ನು ಹೊರಿಸಿದಂತಾಯಿತೇ ಹೊರತು ವಿದ್ಯಾರ್ಥಿಗೆ ದೊರೆತದ್ದೇನೂ ಇಲ್ಲ.

ಸೆಪ್ಟೆಂಬರ್ 5 ಬಂದಿತೆಂದರೆ ರಾಧಾಕೃಷ್ಣನ್ ಅವರ ಕಥೆಯನ್ನು ನಾವೆಲ್ಲರೂ ಹೇಳುತ್ತೇವೆ. 1918ರಲ್ಲಿ ಮೈಸೂರು ವಿಶ್ವವಿದ್ಯಾಲಯಕ್ಕೆ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿ ಬಂದು ಮಹಾರಾಜಾ ಕಾಲೇಜಿನಲ್ಲಿ ಬೋಧಿಸಿದ ಅವರು 1921ರಲ್ಲಿ ಕಲ್ಕತ್ತೆಗೆ ಹೊರಟಾಗ, ವಿದ್ಯಾರ್ಥಿಗಳು ಅವರ ಗಾಡಿಯನ್ನು ಹೂಗಳಿಂದ ಅಲಂಕರಿಸಿ ತಾವೇ ರೈಲು ನಿಲ್ದಾಣದವರೆಗೆ ಎಳೆದುಕೊಂಡು ಹೋದರಂತೆ. ಕಥೆ ಸುಂದರವಾದದ್ದು, ನಿಜವೂ ಹೌದು. ಆದರೆ ವರ್ಷವರ್ಷವೂ ನಾವು ಮೆಲುಕು ಹಾಕುವುದು ಕೊನೆಯ ದಿನದ ಕಥೆಯನ್ನು. ಗಾಡಿಯನ್ನೆಳೆಯುವ ಆ ತೋಳುಗಳಿಗೆ ಬಲ ಬಂದದ್ದು ಅದರ ಹಿಂದಿನ ಮೂರು ವರ್ಷಗಳ ತರಗತಿಗಳಲ್ಲಿ ಎಂಬುದನ್ನು ಯಾರೂ ಹೇಳುವುದಿಲ್ಲ. ಹಾರವನ್ನು ಬಯಸುವ ಅಧ್ಯಾಪಕರು ಬಹಳ. ಆ ಮೂರು ವರ್ಷಗಳ ಮೊದಲ ಗಂಟೆ ಹೇಗಿದ್ದಿರಬಹುದೆಂದು ಯೋಚಿಸುವವರು ವಿರಳ.

ಹಾಗಾದರೆ ಗಟ್ಟಿಯಾದ ಆರಂಭ ಯಾವುದು? ನನ್ನ ಉತ್ತರ ಸರಳ: ಮೊದಲ ಗಂಟೆಯಲ್ಲಿಯೇ ಪಾಠವಾಗಬೇಕು. ಪಾಠದ ಕುರಿತಾದ ಭಾಷಣವಲ್ಲ, ವ್ಯಾಖ್ಯೆಯ ಉಕ್ತಲೇಖನವಲ್ಲ. ಆ ಶಾಸ್ತ್ರವು ಲೋಕವನ್ನು ನೋಡುವ ಬಗೆಯನ್ನು ವಿದ್ಯಾರ್ಥಿಯು ತನ್ನ ಕೈಯಾರೆ, ತನ್ನ ಬಾಯಾರೆ ಒಂದು ಸಲವಾದರೂ ಮಾಡಿ ನೋಡಬೇಕು. ಅದೂ ಅವನಿಗೆ ಈಗಾಗಲೇ ಗೊತ್ತಿರುವ ವಸ್ತುವಿನಿಂದ. ಕಲಿಯುವವನು ಮೊದಲೇ ಏನನ್ನು ಬಲ್ಲನೆಂಬುದೇ ಕಲಿಕೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಅಂಶವೆಂದು ಮನಶ್ಶಾಸ್ತ್ರಜ್ಞ ಡೇವಿಡ್ ಆಸುಬೆಲ್ 1968ರಲ್ಲಿ ಪ್ರತಿಪಾದಿಸಿದರು. ನಮ್ಮ ಹಳ್ಳಿಯ ಮಕ್ಕಳು ಬಲ್ಲದ್ದು ಕಡಿಮೆಯೇನೂ ಅಲ್ಲ, ಕೇಳುವವರಿಲ್ಲ ಅಷ್ಟೆ.

ರಸಾಯನಶಾಸ್ತ್ರವನ್ನೇ ತೆಗೆದುಕೊಳ್ಳೋಣ. ಆಮ್ಲ, ಪ್ರತ್ಯಾಮ್ಲಗಳ ವ್ಯಾಖ್ಯೆಯನ್ನು ಬರೆಸುವ ಬದಲು ಒಂದು ಬಟ್ಟಲು ಅರಿಶಿನದ ನೀರನ್ನು ಮೇಜಿನ ಮೇಲಿಡಿ. ಅದಕ್ಕೆ ಚಿಟಿಕೆ ಸುಣ್ಣ ಹಾಕಿದರೆ ಏನಾಗುವುದೆಂದು ಕೇಳಿ. ಮದುವೆಯಲ್ಲಿ, ತೊಟ್ಟಿಲಕಾರ್ಯದಲ್ಲಿ ಆರತಿಯ ನೀರು ಕದಡಿದ ಹುಡುಗಿಯರೆಲ್ಲ ಕೆಂಪಾಗುವುದೆಂದು ಒಮ್ಮೆಗೇ ಹೇಳುತ್ತಾರೆ. ಈಗ ನಿಂಬೆಹಣ್ಣು ಹಿಂಡಿದರೆ? ಇಲ್ಲಿ ತರಗತಿ ಇಬ್ಭಾಗವಾಗುತ್ತದೆ. ಹಿಂಡಿ ನೋಡಲಿ, ಕೆಂಪು ಮತ್ತೆ ಹಳದಿಗೆ ತಿರುಗುತ್ತದೆ. ಹುಣಸೆಹುಳಿ ಹಾಕಿದರೆ? ಸೀಗೆಕಾಯಿ ನೀರು? ಬೂದಿಯ ತಿಳಿ? ಐವತ್ತು ನಿಮಿಷಗಳು ಸಾಲುವುದಿಲ್ಲ. ಕೊನೆಯ ಐದು ನಿಮಿಷದಲ್ಲಿ ಸೂಚಕ ಎಂಬ ಮಾತನ್ನು ಕಪ್ಪುಹಲಗೆಯ ಮೇಲೆ ಬರೆದರೆ, ಆ ಮಾತು ಅವರಿಗೆ ಅಪರಿಚಿತವಾಗಿ ಉಳಿಯುವುದಿಲ್ಲ. ತಗಲಿದ ಖರ್ಚು ಒಂದು ನಿಂಬೆಹಣ್ಣು.

ವಾಣಿಜ್ಯದ ಅಧ್ಯಾಪಕರಿಗೆ ಇದಕ್ಕಿಂತಲೂ ಸುಲಭ. ಊರಿನ ಸಾಹುಕಾರನು ತಿಂಗಳಿಗೆ ನೂರಕ್ಕೆ ಮೂರರಂತೆ ಹತ್ತು ಸಾವಿರ ಕೊಟ್ಟರೆ ವರ್ಷಕ್ಕೆ ಎಷ್ಟಾಯಿತು? ಮೂರು ಸಾವಿರದ ಆರುನೂರು ಎನ್ನುತ್ತಾರೆ. ಬಡ್ಡಿಯನ್ನು ತಿಂಗಳು ತಿಂಗಳು ಅಸಲಿಗೆ ಸೇರಿಸುತ್ತ ಹೋದರೆ? ಲೆಕ್ಕ ಮಾಡಲಿ. ವರ್ಷಾಂತ್ಯಕ್ಕೆ ಕೊಡಬೇಕಾದ ಒಟ್ಟು ಮೊತ್ತ 14,257 ರೂಪಾಯಿ 61 ಪೈಸೆ ಎಂದು ತಾನೇ ಕಂಡುಕೊಂಡ ಹುಡುಗ, ಮನೆಗೆ ಹೋಗಿ ಅಪ್ಪನ ಸಾಲದ ಚೀಟಿಯನ್ನು ತೆಗೆದು ನೋಡುತ್ತಾನೆ. ಅಂಥ ಹುಡುಗನನ್ನು ತರಗತಿಗೆ ಬರಿಸಲು ಹಾಜರಿಯ ಬೆದರಿಕೆ ಬೇಕಿಲ್ಲ.

ಇತಿಹಾಸದ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ವಿಸ್ತಾರವಾಗಿ ಹೇಳಬಯಸುತ್ತೇನೆ. ಏಕೆಂದರೆ ಮೊದಲ ದಿನವೇ ಕೊಲೆಯಾಗುವ ವಿಷಯಗಳಲ್ಲಿ ಅದು ಅಗ್ರಗಣ್ಯ. ಇತಿಹಾಸದ ಪಿತಾಮಹ ಹೆರೊಡೋಟಸ್ ಎಂದು ಪ್ರಾರಂಭಿಸಿ, ಇತಿಹಾಸದ ಹತ್ತು ವ್ಯಾಖ್ಯೆಗಳನ್ನು ಬರೆಸಿ, ಐದು ಉಪಯೋಗಗಳನ್ನು ಬರೆಸಿ ಮುಗಿಸುವುದು ವಾಡಿಕೆ. ಅದೇ ಹುಡುಗರ ಊರಿನ ಕೆರೆಯೇರಿಯ ಮೇಲೋ ಹನುಮಪ್ಪನ ಗುಡಿಯ ಪಕ್ಕದಲ್ಲೋ ವೀರಗಲ್ಲೊಂದು ನಿಂತಿರುತ್ತದೆ. ಯಾರೋ ಎಣ್ಣೆ ಹಚ್ಚಿ ಕುಂಕುಮವಿಟ್ಟು ದೇವರು ಮಾಡಿರುತ್ತಾರೆ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಮೇಲಕ್ಕೊಯ್ಯುವ ಅಪ್ಸರೆಯರು, ಮೇಲಿನ ಪಟ್ಟಿಯಲ್ಲಿ ಲಿಂಗದ ಮುಂದೆ ಕುಳಿತ ಅದೇ ವೀರ. ಅದರ ಚಿತ್ರವನ್ನು ತೋರಿಸಿ, "ಇಂಥದು ನಿಮ್ಮ ಊರಲ್ಲಿ ಉಂಟೇ?" ಎಂದು ಕೇಳಿದರೆ ಅರ್ಧ ತರಗತಿ ಕೈಯೆತ್ತುತ್ತದೆ. ಅಲ್ಲಿಂದ ಪ್ರಶ್ನೆಗಳು ತಾವಾಗಿಯೇ ಬರುತ್ತವೆ. ಸತ್ತವನು ರಾಜನೋ ದನ ಕಾಯುವವನೋ? ತುರುಗಳನ್ನು ಅಟ್ಟಿಕೊಂಡು ಹೋದವರು ಯಾರು? ಕಲ್ಲನ್ನು ಕೆತ್ತಿಸಲು ಹಣ ಕೊಟ್ಟವರಾರು? ಗೆದ್ದವರ ಮಾತನ್ನಷ್ಟೇ ಕಲ್ಲು ಹೇಳುತ್ತಿದೆಯೇ? ಪಕ್ಕದಲ್ಲಿಯೇ ಬಳೆತೊಟ್ಟ ಕೈಯನ್ನು ಮೇಲೆತ್ತಿರುವ ಮಾಸ್ತಿಕಲ್ಲೊಂದಿದ್ದರೆ, ಆ ಹೆಣ್ಣುಮಗಳು ತಾನಾಗಿ ಚಿತೆಯೇರಿದಳೋ ಏರಿಸಿದರೋ ಎಂಬುದು ಕಲ್ಲಿನಿಂದ ತಿಳಿಯುವುದೇ? ಆಧಾರ, ಅನುಮಾನ, ಪಕ್ಷಪಾತ ಎಂಬ ಇತಿಹಾಸಶಾಸ್ತ್ರದ ಮೂಲಪಾಠಗಳೆಲ್ಲ ಆ ಒಂದು ಗಂಟೆಯಲ್ಲಿ ಬಂದುಹೋಗುತ್ತವೆ.

ಇದಕ್ಕೆ ಸಾಮಗ್ರಿ ಎಲ್ಲಿಂದ ಎಂದು ಕೇಳುವವರು ತಮ್ಮ ಕಾಲೇಜಿನ ಗ್ರಂಥಾಲಯದ ಬೀಗ ತೆಗೆಸಲಿ. ಬಿ. ಎಲ್. ರೈಸ್ ಅವರು 1886ರಿಂದ ಪ್ರಕಟಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಹಳೆಯ ಮೈಸೂರು ಸೀಮೆಯ ಶಾಸನಗಳು ತಾಲೂಕುವಾರು ವಿಂಗಡಣೆಗೊಂಡಿವೆ. ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆಯ ಪರಿಷ್ಕೃತ ಸಂಪುಟಗಳೂ ಇವೆ. ಮುಂಬಯಿ ಕರ್ನಾಟಕದ ಶಾಸನಗಳು ಬೇರೆ ಸಂಪುಟಗಳಲ್ಲಿ ದೊರೆಯುತ್ತವೆ. ವಿದ್ಯಾರ್ಥಿಗಳು ಬಂದ ಹಳ್ಳಿಗಳ ಪಟ್ಟಿಯನ್ನು ಪ್ರವೇಶದ ಅರ್ಜಿಗಳಿಂದ ತೆಗೆದುಕೊಂಡು, ಆ ಹಳ್ಳಿಗಳ ಹೆಸರುಳ್ಳ ಎರಡು ಶಾಸನಗಳನ್ನು ಹುಡುಕಿಡಲು ಅಧ್ಯಾಪಕನಿಗೆ ಒಂದು ಸಾಯಂಕಾಲ ಸಾಕು. ತನ್ನ ಊರಿನ ಹೆಸರು ಒಂಬೈನೂರು ವರ್ಷಗಳ ಹಿಂದೆಯೇ ಕಲ್ಲಿನಲ್ಲಿ ಕೊರೆಯಲ್ಪಟ್ಟಿತ್ತೆಂದು ಪದವಿ ತರಗತಿಯ ಮೊದಲ ದಿನ ತಿಳಿದ ಹುಡುಗನ ಮುಖವನ್ನು ನೋಡಿದವರಿಗೆ ನನ್ನ ಮಾತಿನಲ್ಲಿ ಅತಿಶಯೋಕ್ತಿ ಕಾಣುವುದಿಲ್ಲ.

ಭಾಷೆಯ ಪ್ರಶ್ನೆಯನ್ನು ಬಿಟ್ಟು ಈ ವಿಚಾರವನ್ನು ಮುಂದುವರಿಸುವುದು ಅಪ್ರಾಮಾಣಿಕವಾದೀತು. ಹತ್ತನೆಯ ತರಗತಿಯವರೆಗೆ, ಕೆಲವರು ಹನ್ನೆರಡರವರೆಗೂ, ಕನ್ನಡದಲ್ಲಿ ಓದಿ ಬಂದ ಮಕ್ಕಳು ವಿಜ್ಞಾನ, ವಾಣಿಜ್ಯ ತರಗತಿಗಳಲ್ಲಿ ಮೊದಲ ದಿನ ಕೇಳುವುದು ಇಂಗ್ಲಿಷಿನ ಮಳೆಯನ್ನು. ಉಪನ್ಯಾಸಕರೂ ಬಹುತೇಕ ಅಂಥ ಹಳ್ಳಿಗಳಿಂದಲೇ ಬಂದವರು. ಕಾರಿಡಾರಿನಲ್ಲಿ ಅಚ್ಚಕನ್ನಡ ಮಾತನಾಡುವವರು. ವೇದಿಕೆಯೇರಿದೊಡನೆ ಮಾತ್ರ ಕನ್ನಡವು ಅವರ ಪ್ರತಿಷ್ಠೆಗೆ ಕುಂದಾಗುತ್ತದೆ! ಇಂಗ್ಲಿಷ್ ಬೇಡವೆಂದು ನಾನು ಹೇಳುತ್ತಿಲ್ಲ. ಪರೀಕ್ಷೆಯನ್ನು ಆ ಭಾಷೆಯಲ್ಲಿ ಬರೆಯಬೇಕಾದವನಿಗೆ ಅದನ್ನು ಕಲಿಸಲೇಬೇಕು. ಆದರೆ ಸೇತುವೆಯನ್ನು ಕಟ್ಟದೆ ಹೊಳೆಯನ್ನು ದಾಟೆನ್ನುವುದು ಬೋಧನೆಯಲ್ಲ. ಮೊದಲ ಎರಡು ವಾರ ಕಲ್ಪನೆಯನ್ನು ಕನ್ನಡದಲ್ಲಿ ಹೇಳಿ, ಅದರ ಇಂಗ್ಲಿಷ್ ಪಾರಿಭಾಷಿಕವನ್ನು ಹಲಗೆಯ ಮೇಲೆ ಬರೆದು, ಉಚ್ಚಾರ ಮಾಡಿಸಿ, ದಿನಕ್ಕೆ ಐದಾರು ಪದಗಳಂತೆ ಕೊಟ್ಟರೆ ತಿಂಗಳಿಗೆ ನೂರು ಪದಗಳಾಗುತ್ತವೆ. ಅಷ್ಟರಲ್ಲಿ ಪುಸ್ತಕವನ್ನು ತೆರೆಯುವ ಧೈರ್ಯ ಬರುತ್ತದೆ. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಾಗ, ಇಂಗ್ಲಿಷಿನಲ್ಲಿ ಪದ್ಯ ಬರೆಯುತ್ತಿದ್ದ ತರುಣ ವಿದ್ಯಾರ್ಥಿಯೊಬ್ಬ ತನ್ನ ಬರಹವನ್ನು ಅವರಿಗೆ ತೋರಿಸಿದ. ಅವರು ಬೆದರಿಸಲಿಲ್ಲ, ಸುಮ್ಮನೆ ಹೊಗಳಿ ಕಳಿಸಲೂ ಇಲ್ಲ. ಓದಿ, ನಿನ್ನ ಭಾಷೆಯಲ್ಲಿ ಬರೆಯೆಂದು ಹೇಳಿದರು. ಆ ವಿದ್ಯಾರ್ಥಿ ಕುವೆಂಪು. ಒಂದೇ ಒಂದು ಭೇಟಿಯಲ್ಲಿ, ಅದೂ ಮೊದಲ ಭೇಟಿಯಲ್ಲಿ ಹೇಳಿದ ಮಾತದು. ಆ ಮಾತು ನಾಟಿದ್ದಕ್ಕೆ ಕಾರಣ, ಹೇಳಿದವರು ಎದುರಿಗಿದ್ದವನ ಬರಹವನ್ನು ಓದಿ ಹೇಳಿದ್ದು.

ಎದುರಿಗಿರುವವರು ಯಾರೆಂದು ತಿಳಿಯುವುದು ಹೆಸರಿನಿಂದ ಪ್ರಾರಂಭವಾಗುತ್ತದೆ. ಎಂಬತ್ತು ಜನರ ಹೆಸರನ್ನು ಹೇಗೆ ನೆನಪಿಟ್ಟುಕೊಳ್ಳುವುದೆಂದು ಗೊಣಗುವ ಮಹನೀಯರಿಗೆ ದಿನಕ್ಕೆ ಹತ್ತರಂತೆ ಎಂಟು ದಿನಗಳ ಕೆಲಸವೆಂದು ಲೆಕ್ಕ ಮಾಡಿ ತೋರಿಸಬೇಕೇ? ಸಂತೆಯ ಜವಳಿ ವ್ಯಾಪಾರಿ ಇನ್ನೂರು ಗಿರಾಕಿಗಳ ಹೆಸರನ್ನೂ ಅವರ ಬಾಕಿಯನ್ನೂ ಬಲ್ಲ. ಮೊದಲ ದಿನ ಒಂದು ಹಾಳೆಯ ಮೇಲೆ ಊರು, ಓದಿದ ಮಾಧ್ಯಮ, ಬಸ್ಸು ತಲಪುವ ವೇಳೆ, ಈ ವಿಷಯದಲ್ಲಿ ತಿಳಿಯಬೇಕೆಂದಿರುವ ಒಂದು ಸಂಗತಿ, ಇಷ್ಟನ್ನು ಬರೆಸಿಕೊಳ್ಳಲಿ. ಬಸ್ಸಿನ ವೇಳೆ ಏಕೆಂದರೆ, 2023ರ ಜೂನ್ ತಿಂಗಳಲ್ಲಿ ಆರಂಭವಾದ ಶಕ್ತಿ ಯೋಜನೆಯು ಹುಡುಗಿಯರ ಪ್ರಯಾಣದ ವೆಚ್ಚವನ್ನು ಇಳಿಸಿತೇ ಹೊರತು ಬಸ್ಸಿನ ವೇಳಾಪಟ್ಟಿಯನ್ನು ಕಾಲೇಜಿನ ಗಂಟೆಗೆ ಹೊಂದಿಸಲಿಲ್ಲ. ಹತ್ತು ಗಂಟೆಯ ಪಾಠಕ್ಕೆ ಹತ್ತೂಕಾಲಿಗೆ ಬರುವ ಹುಡುಗಿ ಶಿಸ್ತಿಲ್ಲದವಳಲ್ಲ; ಅವಳು ಆರು ಗಂಟೆಗೆ ಎದ್ದು ರೊಟ್ಟಿ ಬಡಿದು ಬಂದವಳು. ಅವಳನ್ನು ಬಾಗಿಲಲ್ಲಿ ನಿಲ್ಲಿಸಿ ಮೊದಲ ದಿನವೇ ಮಾದರಿ ಶಿಕ್ಷೆಯನ್ನು ವಿಧಿಸುವವನ ಶೌರ್ಯಕ್ಕೆ ಏನೆನ್ನಬೇಕು!

ಇದಕ್ಕಿಂತ ಹೇಯವಾದ ಪದ್ಧತಿಯೊಂದುಂಟು. ಮೊದಲ ವಾರದಲ್ಲಿಯೇ ಕಚೇರಿಯ ಗುಮಾಸ್ತರು ತರಗತಿಗೆ ಬಂದು, ವಿದ್ಯಾರ್ಥಿವೇತನಕ್ಕೆ ಅರ್ಹರಾದ ಇಂತಿಂಥ ವರ್ಗದವರು ಎದ್ದು ನಿಲ್ಲಿರಿ ಎನ್ನುತ್ತಾರೆ. ಉಪನ್ಯಾಸಕರು ಪಾಠ ನಿಲ್ಲಿಸಿ ಸುಮ್ಮನೆ ನೋಡುತ್ತಾರೆ. ಮಕ್ಕಳು ಪರಸ್ಪರರ ಹೆಸರನ್ನು ಅರಿಯುವ ಮೊದಲೇ ಜಾತಿಯನ್ನು ಅರಿಯುತ್ತಾರೆ. ಮರುದಿನದಿಂದ ಬೆಂಚುಗಳು ಅದಕ್ಕನುಗುಣವಾಗಿ ತುಂಬುತ್ತವೆ. ಆ ಪಟ್ಟಿಯು ಪ್ರವೇಶದ ಕಾಗದಪತ್ರಗಳಲ್ಲಿ, ಗಣಕಯಂತ್ರದಲ್ಲಿ ಮೊದಲೇ ಇರುತ್ತದೆ. ಕರೆಯಬೇಕಾದವರನ್ನು ಒಬ್ಬೊಬ್ಬರಾಗಿ ಕಚೇರಿಗೆ ಕರೆಯುವುದಕ್ಕೆ ಯಾವ ಅಡ್ಡಿಯೂ ಇಲ್ಲ. ತನ್ನ ತರಗತಿಯಲ್ಲಿ ಇದನ್ನು ನಡೆಯಗೊಡುವುದಿಲ್ಲವೆಂದು ಗುಮಾಸ್ತರನ್ನು ಹಿಂದಕ್ಕೆ ಕಳಿಸುವ ಉಪನ್ಯಾಸಕನೇ ಮೊದಲ ವಾರದ ನಿಜವಾದ ಹುಲಿ. ಆ ಹುಲಿತನವನ್ನು ಮಾತ್ರ ನಮ್ಮ ಹಿರಿಯರು ಉಪದೇಶಿಸುವುದಿಲ್ಲ.

ಎದುರು ಪಕ್ಷದ ವಾದವನ್ನು ನಾನು ಅರಿಯದವನಲ್ಲ. ನೂರಿಪ್ಪತ್ತು ಜನರ ತರಗತಿ, ಕಿಟಕಿಯಾಚೆ ಶಿಳ್ಳೆ, ಕೈಯಲ್ಲಿ ಮೊಬೈಲು. ಮೊದಲ ದಿನ ಮೆತ್ತಗಾದರೆ ತಲೆಯ ಮೇಲೆ ಕೂಡುತ್ತಾರೆ ಎನ್ನುತ್ತಾರೆ. ಇದರಲ್ಲಿ ಸತ್ಯಾಂಶವುಂಟು. ವಿದ್ಯಾರ್ಥಿಗಳು ಅಧ್ಯಾಪಕನನ್ನು ಬಹುಬೇಗ ಅಳೆಯುತ್ತಾರೆ. ನಳಿನಿ ಅಂಬಾಡಿ ಮತ್ತು ರಾಬರ್ಟ್ ರೋಸೆಂತಾಲ್ ಅವರು 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಾರ್ವರ್ಡ್ ವಿಶ್ವವಿದ್ಯಾಲಯದ ಬೋಧಕರ ಅರ್ಧ ನಿಮಿಷದ ಮೂಕಚಿತ್ರವನ್ನು ಅಪರಿಚಿತರಿಗೆ ತೋರಿಸಿ ಅವರಿಂದ ಪಡೆದ ಅಭಿಪ್ರಾಯವು, ಅವಧಿಯ ಕೊನೆಗೆ ವಿದ್ಯಾರ್ಥಿಗಳು ಕೊಟ್ಟ ಮೌಲ್ಯಮಾಪನಕ್ಕೆ ಬಹುಮಟ್ಟಿಗೆ ಹೊಂದಿಕೆಯಾಯಿತು. ಅದು ವಿದ್ಯಾರ್ಥಿಗಳ ಅಭಿಪ್ರಾಯದ ಅಳತೆ, ಅವರು ಕಲಿತುದರ ಅಳತೆಯಲ್ಲ ಎಂಬುದನ್ನು ಮರೆಯಬಾರದು. ಆದರೂ ಮೊದಲ ನೋಟಕ್ಕೆ ಬೆಲೆಯಿದೆಯೆಂದು ಒಪ್ಪೋಣ. ಆ ನೋಟಕ್ಕೆ ನಾವು ಕೊಡುವುದೇನು ಎಂಬುದೇ ಪ್ರಶ್ನೆ. ಗಂಟೆ ಬಾರಿಸುವ ಹೊತ್ತಿಗೆ ಬಾಗಿಲಲ್ಲಿ ನಿಂತಿರುವ ಅಧ್ಯಾಪಕನಿಗೆ ತಡಮಾಡಬೇಡಿರೆಂದು ಹೇಳುವ ಅಧಿಕಾರ ತಾನಾಗಿ ಬರುತ್ತದೆ. ಸೋಮವಾರ ಬರೆಸಿಕೊಂಡ ಒಂದು ಪುಟವನ್ನು ಗುರುವಾರ ತಿದ್ದಿ ಹಿಂದಿರುಗಿಸಿದವನು, ಬರೆಯದೆ ಬಂದವನನ್ನು ಗದರಿಸಿದರೆ ತರಗತಿಯೇ ಅವನ ಪಕ್ಷ ವಹಿಸುತ್ತದೆ. ನಿಯಮಗಳು ನಾಲ್ಕೇ ಇರಲಿ. ನಾಲ್ಕನ್ನೂ ಮೊದಲು ಅಧ್ಯಾಪಕನು ಪಾಲಿಸಲಿ. ಹದಿನಾಲ್ಕು ನಿಯಮಗಳನ್ನು ಸಾರಿ, ಎರಡನೆಯ ವಾರಕ್ಕೆ ಹನ್ನೆರಡನ್ನು ತಾನೇ ಮರೆಯುವವನಿಂದಲೇ ಅಶಿಸ್ತು ಹುಟ್ಟುವುದು.

ಪಠ್ಯಕ್ರಮ ಮುಗಿಯುವುದಿಲ್ಲವೆಂಬ ವಾದವಂತೂ ಹಾಸ್ಯಾಸ್ಪದ. ವರ್ಷಕ್ಕೆ ಮೂವತ್ತು ವಾರಗಳ ಬೋಧನೆ ನಡೆಯಬೇಕೆಂದು ಆಯೋಗದ ನಿಯಮ. ಸೆಮಿಸ್ಟರಿಗೆ ಹದಿನೈದು ವಾರಗಳಾದವು. ವಾರಕ್ಕೆ ನಾಲ್ಕು ಗಂಟೆಯಾದರೆ ಅರವತ್ತು ಗಂಟೆಗಳು. ವೀರಗಲ್ಲಿಗೆ ಒಂದು ಗಂಟೆ ಕೊಟ್ಟರೆ ಮುಳುಗಿಹೋಗುವ ಪಠ್ಯಕ್ರಮವು ಪ್ರವೇಶದ ವಿಳಂಬ, ಯುವಜನೋತ್ಸವ, ಚುನಾವಣಾ ಕರ್ತವ್ಯ, ವಾರ್ಷಿಕೋತ್ಸವಗಳಲ್ಲಿ ಮುಳುಗದೆ ಉಳಿಯುವುದು ಹೇಗೋ ನನಗೆ ತಿಳಿಯದು.

ಅಧ್ಯಾಪಕರನ್ನಷ್ಟೇ ದೂರುವುದು ಅನ್ಯಾಯ. ಪ್ರೌಢಶಾಲೆಯಲ್ಲಿ ಪಾಠ ಹೇಳುವವನು ಬಿ.ಎಡ್. ಓದಿರಬೇಕು, ಪರೀಕ್ಷಕರ ಮುಂದೆ ಪಾಠ ಮಾಡಿ ತೋರಿಸಿರಬೇಕು. ಕಾಲೇಜಿನಲ್ಲಿ ಪಾಠ ಹೇಳಲು ನೆಟ್ ಅಥವಾ ಕೆ-ಸೆಟ್ ಉತ್ತೀರ್ಣನಾಗಿರಬೇಕು, ಇಲ್ಲವೇ ಡಾಕ್ಟರೇಟ್ ಇರಬೇಕು. ಒಂದು ತರಗತಿಯ ಮುಂದೆ ಎಂದಾದರೂ ನಿಂತಿದ್ದೀಯಾ ಎಂದು ಯಾವ ಅರ್ಹತಾ ಪರೀಕ್ಷೆಯೂ ಕೇಳುವುದಿಲ್ಲ. 1987ರಿಂದ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳೆಂದೂ, ಆಮೇಲೆ ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರಗಳೆಂದೂ, 2023ರಿಂದ ಮಾಲವೀಯ ಮಿಷನ್ ಕೇಂದ್ರಗಳೆಂದೂ ಹೆಸರು ಬದಲಾಯಿಸುತ್ತ ಬಂದ ತರಬೇತಿಯು ಬಹುಮಟ್ಟಿಗೆ ದೊರೆಯುವುದು ಕೆಲಸಕ್ಕೆ ಸೇರಿ ಎಷ್ಟೋ ಕಾಲ ಕಳೆದ ಮೇಲೆ. ಈಜು ಕಲಿಸುವುದು ನೀರು ಕುಡಿದಾದ ಮೇಲೆ. ಅಲ್ಲಿಯವರೆಗೆ ತರುಣನಿಗೆ ದೊರೆಯುವ ಏಕೈಕ ತರಬೇತಿಯೆಂದರೆ ಅಧ್ಯಾಪಕರ ಕೊಠಡಿಯ ಹುಲಿಶಾಸ್ತ್ರ.

ಅತಿಥಿ ಉಪನ್ಯಾಸಕರ ಸ್ಥಿತಿ ಇದಕ್ಕಿಂತ ಶೋಚನೀಯ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಬೋಧನೆಯ ಭಾರವನ್ನು ಸಾವಿರಾರು ಜನ ಅತಿಥಿ ಉಪನ್ಯಾಸಕರು ಹೊತ್ತಿದ್ದಾರೆ. ತರಗತಿಗಳು ಪ್ರಾರಂಭವಾಗಿ ವಾರಗಳು ಕಳೆದ ಮೇಲೆ ಅವರ ಆಯ್ಕೆ, ಸ್ಥಳ ಹಂಚಿಕೆಗಳು ನಡೆದ ವರ್ಷಗಳುಂಟು. ತಿಂಗಳು ತಡವಾದರೆ ಅರವತ್ತರಲ್ಲಿ ಹದಿನಾರು ಗಂಟೆಗಳು ಹೋದವು. ಹೊಸ ವಿದ್ಯಾರ್ಥಿಗಳು ಖಾಲಿ ವೇದಿಕೆಯನ್ನು ನೋಡುತ್ತ ನಾಲ್ಕು ವಾರ ಕುಳಿತು, ಮನೆಗೆ ಹೋಗುವುದನ್ನು ರೂಢಿಸಿಕೊಂಡ ಮೇಲೆ ಬರುವ ಆ ಬಡಪಾಯಿ, ಮೊದಲ ದಿನದ ಪ್ರಭಾವವನ್ನು ಯಾರ ಮೇಲೆ ಬೀರಬೇಕು? ತನ್ನ ಕೆಲಸ ಮುಂದಿನ ವರ್ಷ ಇರುವುದೋ ಇಲ್ಲವೋ ಅರಿಯದವನಿಂದ ವಿದ್ಯಾರ್ಥಿಗಳ ಭವಿಷ್ಯದ ಚಿಂತೆಯನ್ನು ನಾವು ನಿರೀಕ್ಷಿಸುತ್ತೇವೆ. ಆಶ್ಚರ್ಯವೆಂದರೆ, ಅವರಲ್ಲಿ ಅನೇಕರು ಆ ನಿರೀಕ್ಷೆಯನ್ನು ಸುಳ್ಳು ಮಾಡುವುದಿಲ್ಲ.

ಖಾಸಗಿ ಆಡಳಿತ ಮಂಡಳಿಗಳು ಸರ್ಕಾರವನ್ನು ತೋರಿಸಿ ನುಣುಚಿಕೊಳ್ಳುವಂತಿಲ್ಲ. ಅಲ್ಲಿಯೂ ವೇಳಾಪಟ್ಟಿಯನ್ನು ಹಂಚುವಾಗ ಹಿರಿಯ ಪ್ರಾಧ್ಯಾಪಕರು ಅಂತಿಮ ವರ್ಷದ ಸಣ್ಣ ತರಗತಿಗಳನ್ನು ಆರಿಸಿಕೊಳ್ಳುತ್ತಾರೆ. ನೂರಿಪ್ಪತ್ತು ಜನರ ಪ್ರಥಮ ವರ್ಷವನ್ನು ನಿನ್ನೆ ಸೇರಿದವನ ಕೊರಳಿಗೆ ಕಟ್ಟುತ್ತಾರೆ. ಕಠಿಣವಾದ ಕೆಲಸವನ್ನು ಅನನುಭವಿಗೂ ಸುಲಭವಾದದ್ದನ್ನು ಅನುಭವಿಗೂ ಒಪ್ಪಿಸುವ ಈ ಪದ್ಧತಿ ಆಸ್ಪತ್ರೆಯಲ್ಲಿದ್ದರೆ ರೋಗಿಗಳ ಕಡೆಯವರು ಕಲ್ಲು ತೂರುತ್ತಿದ್ದರು. ಪ್ರಾಚಾರ್ಯರು ಇದೊಂದನ್ನು ಬದಲಿಸಲಿ: ಪ್ರಥಮ ವರ್ಷದ ಮೊದಲ ಎರಡು ವಾರಗಳ ಪಾಠಗಳನ್ನು ಆಯಾ ವಿಭಾಗದ ಮುಖ್ಯಸ್ಥರೇ ತೆಗೆದುಕೊಳ್ಳಲಿ, ಹೊಸಬರು ಹಿಂದಿನ ಬೆಂಚಿನಲ್ಲಿ ಕುಳಿತು ನೋಡಲಿ, ಮೂರನೆಯ ವಾರ ಅದಲುಬದಲಾಗಲಿ. ಸ್ವಾಗತ ಸಮಾರಂಭವನ್ನು ದಸರೆಯ ರಜೆಯ ನಂತರಕ್ಕೆ ಮುಂದೂಡಲಿ. ಅಷ್ಟರಲ್ಲಿ ಯಾರನ್ನು ಸ್ವಾಗತಿಸುತ್ತಿದ್ದೇವೆಂಬುದು ಭಾಷಣಕಾರರಿಗೂ ಗೊತ್ತಾಗಿರುತ್ತದೆ. ಮತ್ತು ಪಾಠ ನಡೆಯುತ್ತಿರುವಾಗ ಕಚೇರಿಯ ಯಾವ ಗುಮಾಸ್ತನೂ ಯಾವ ಪಟ್ಟಿಯನ್ನು ಹಿಡಿದೂ ತರಗತಿಯ ಹೊಸ್ತಿಲು ದಾಟಬಾರದೆಂದು ಜೂನ್ ತಿಂಗಳಲ್ಲಿಯೇ ಲಿಖಿತ ಆಜ್ಞೆ ಹೊರಡಿಸಲಿ.